ಎರಡನೇ ನಂಬರನ್ನು ಬಿಟ್ಟುಕೊಡದ ಅಕ್ಕ

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ನಲವತ್ತೆರಡರ ಹೆಂಗಸೊಬ್ಬರು ಕೀಬೋರ್ಡಿನ ಮೇಲೆ ಬಗ್ಗಿದ್ದಾರೆ. ಗೋಡೆ ಗಡಗಡ ನಡುಗುತ್ತದೆ. ಅವರು ತಲೆ ಎತ್ತುವುದಿಲ್ಲ. ಆರಕ್ಕೆ ಪಾಳಿ ಬದಲಾಗುವಷ್ಟರಲ್ಲಿ ರಕ್ತದ ಲೆಕ್ಕ ಹೇಳುವ ಕಂಪ್ಯೂಟರ್ ಸೇವೆಗೆ ಅವರು ಬರೆದ ಹೊಸ ಆವೃತ್ತಿ ಚಾಲೂ ಆಗಬೇಕು. ವಾರ್ಡುಗಳಿಂದ ರಕ್ತನಿಧಿಗೆ ಇರುವ ಫೋನುಗಳನ್ನು ಇವತ್ತೇ ಕೀಳಲು ಆದೇಶವಾಗಿದೆ. ಇನ್ನು ಪರದೆಯಲ್ಲಿ ಬಂದ ಅಂಕಿಯೇ ಗತಿ. ಅದು ತಪ್ಪಿದರೆ ಒಂದು ಜೀವ ಹೋಗುತ್ತದೆ.

ಇವರನ್ನು ಎಲ್ಲರೂ ಕರೆಯುವುದು ‘ನಂಬರ್ ಅಕ್ಕ’ ಎಂದು. ವಾರ್ಡಿನ ಕಂಪ್ಯೂಟರು ‘ಈ ಗುಂಪಿನ ರಕ್ತ ಎಷ್ಟಿದೆ’ ಎಂದು ಕೇಳುತ್ತದೆ, ರಕ್ತನಿಧಿಯ ಕಂಪ್ಯೂಟರು ಹೇಳುತ್ತದೆ. ದೂರದ ಯಂತ್ರವನ್ನು ಪಕ್ಕದಲ್ಲೇ ಇದ್ದಂತೆ ಕರೆದು ಕೆಲಸ ಮಾಡಿಸುವ ಈ ಏರ್ಪಾಡಿಗೆ ರಿಮೋಟ್ ಪ್ರೊಸೀಜರ್ ಕಾಲ್ ಎನ್ನುತ್ತಾರೆ. ಇಪ್ಪತ್ತಾರು ವಾರ್ಡು, ದಿನಕ್ಕೆ ಸಾವಿರದ ನಾನೂರು ಪ್ರಶ್ನೆ.

“ಮೊದ್ಲು ಒಂದು ಕರಾರು ಬರೀತೀನಿ. ಅದೇ ಸ್ಕೀಮಾ. ಏನು ಕೇಳ್ಬೋದು, ಏನು ಹೇಳ್ಬೇಕು, ಅಷ್ಟೆ. ಅದನ್ನ ಒಂದು ಪ್ರೋಗ್ರಾಂಗೆ ಕೊಟ್ರೆ ಎರಡೂ ಕಡೆಯ ಕೋಡ್ ಅದೇ ಬರ್ದುಕೊಡುತ್ತೆ. ಫ್ರಿಜ್ಜಲ್ಲಿ ಎಷ್ಟಿದೆ ಅಂತ ನೋಡಿ ಹೇಳೋ ಭಾಗ ಮಾತ್ರ ನಂದು” ಎನ್ನುತ್ತಾರೆ ಅಕ್ಕ.

ಕರಾರಿನಲ್ಲಿ ಪ್ರತಿ ಸಂಗತಿಗೂ ಒಂದು ನಂಬರಿದೆ. ರಕ್ತದ ಗುಂಪು ಒಂದು, ಚೀಲಗಳ ಎಣಿಕೆ ಎರಡು, ಅತಿ ಹಳೆಯ ಚೀಲಕ್ಕೆ ಎಷ್ಟು ದಿನವಾಯಿತು ಎಂಬುದು ಮೂರು. ತಂತಿಯಲ್ಲಿ ಹೆಸರು ಹೋಗುವುದಿಲ್ಲ, ನಂಬರೇ ಹೋಗುತ್ತದೆ.

ಎರಡು ವರ್ಷದ ಹಿಂದೆ ಇವರೇ ಎಡವಿದ್ದರು. ಓದಲು ಚೆಂದವೆಂದು ಎರಡು, ಮೂರನ್ನು ಅದಲು ಬದಲು ಮಾಡಿದರು. ಎಲ್ಲ ವಾರ್ಡಿಗೂ ಹೊಸ ಕೋಡ್ ಹೋಯಿತು, ಹೆರಿಗೆ ವಾರ್ಡಿನ ಡಬ್ಬಿಯಂಥ ಹಳೆಯ ಕಂಪ್ಯೂಟರೊಂದು ಅದನ್ನು ಹಿಡಿಯಲೇ ಇಲ್ಲ. ಎರಡನೇ ನಂಬರಿನಲ್ಲಿ ಬಂದ ದಿನಗಳನ್ನೇ ಎಣಿಕೆ ಎಂದು ಓದಿ, ಹನ್ನೊಂದು ದಿನ ಹಳೆಯದಾದ ಒಂದೇ ಒಂದು ಚೀಲವನ್ನು ಅದು ಹನ್ನೊಂದು ಚೀಲ ಎಂದು ತೋರಿಸಿತು. ಅಭ್ಯಾಸಬಲದಿಂದ ವಾರ್ಡಿನ ಸಿಸ್ಟರ್ ರಕ್ತನಿಧಿಗೆ ಫೋನನ್ನೂ ಮಾಡಿದರು. ‘ಹನ್ನೊಂದಾ? ಯಾವ ಪುಣ್ಯಾತ್ಮ ಹೇಳಿದ್ದು ತಾಯಿ? ಇರೋದು ಒಂದೇ!’ ಎಂದರಂತೆ ಫ್ರಿಜ್ ನೋಡಿಕೊಳ್ಳುವವರು. ಬೇರೆ ಆಸ್ಪತ್ರೆಯಿಂದ ರಕ್ತ ತರಿಸಿ ರಕ್ತಸ್ರಾವವಾಗುತ್ತಿದ್ದ ಬಾಣಂತಿಯೊಬ್ಬರನ್ನು ಉಳಿಸಿಕೊಂಡರು. ಅಕ್ಕ ಅವತ್ತೇ ನಂಬರುಗಳನ್ನು ಮೊದಲಿನಂತೆ ಮಾಡಿದರು. ತಪ್ಪು ತನ್ನದೇ ಎಂದು ಬರೆದುಕೊಟ್ಟರು.

ಒಂಬತ್ತು ವರ್ಷ ನೋಂದಣಿ ಕೌಂಟರಿನಲ್ಲಿ ಟೈಪು ಮಾಡಿದವರು ಇವರು. ಕೋಡ್ ಕಲಿತದ್ದು ಊಟದ ಬಿಡುವಿನಲ್ಲಿ. ಇವತ್ತಿಗೂ ಹನ್ನೊಂದು ತಿಂಗಳ ಗುತ್ತಿಗೆ. ಮೇಲಿನ ಸಭಾಂಗಣದಲ್ಲಿ ಉದ್ಘಾಟನೆಗೆಂದು ಹಾಕಿದ ಕಲ್ಲುಫಲಕದಲ್ಲಿ ಗೋಡೆಗೆ ಬಣ್ಣ ಬಳಿಸಿದ ಕಂಪನಿಯ ಹೆಸರೂ ಇದೆ, ಇವರದ್ದಿಲ್ಲ. ಇವತ್ತು ಹತ್ತು ಗಂಟೆಗೆ ಈ ಸೇವೆಯ ಉದ್ಘಾಟನೆಗೆ ಬರುವ ದೊಡ್ಡವರಿಗೆ ಹದಿನಾಲ್ಕು ಮೆಟ್ಟಿಲಿಳಿದು ಈ ಕೋಣೆ ನೋಡುವ ಪುರಸೊತ್ತೂ ಇಲ್ಲ. ಮನೆಯಲ್ಲಿ ಅತ್ತೆ, “ಏನು ಕೆಲಸ ಅಂತ ಕೇಳ್ದೋರಿಗೆ ನಾನೇನು ಹೇಳ್ಲಿ? ಕಂಪ್ಯೂಟರ್‌ಗಳ ಜಗಳ ಬಿಡಿಸ್ತಾಳೆ ಅಂತೀನಿ” ಎಂದು ನಗುತ್ತಾರೆ.

ಐದೂವರೆಗೆ ಮೇಲಧಿಕಾರಿ ಇಳಿದು ಬರುತ್ತಾರೆ. ಈ ಸಲ ಕರಾರಿಗೆ ‘ಕಾಯ್ದಿರಿಸಿದ ಚೀಲ’ ಹೊಸದಾಗಿ ಸೇರಿದೆ, ಅದರ ನಂಬರು ನಾಲ್ಕು.

“ನೋಡಮ್ಮ, ಕಾಯ್ದಿರಿಸಿದ್ದನ್ನ ಎರಡಕ್ಕೆ ತನ್ನಿ. ಉಳಿದದ್ದು ಕೆಳಗೆ ಹೋಗ್ಲಿ. ತೋರಿಸೋವಾಗ ನೀಟಾಗಿರುತ್ತೆ.”

“ಪರದೆ ಮೇಲೆ ಎಲ್ಲಿ ಬೇಕಾದ್ರೂ ತೋರಿಸೋಣ ಸಾರ್. ನಂಬರ್ ಮುಟ್ಟಲ್ಲ.”

“ಒಂದು ಹಳೇ ಡಬ್ಬಿಗೋಸ್ಕರ ಇಷ್ಟೊಂದು ಹಟವಾ?”

“ಆ ಡಬ್ಬಿ ಮುಂದೆ ನಿಮ್ಮ ಮನೆಯವ್ರು ಮಲಗಿದ್ರೆ ಹೀಗೆ ಹೇಳ್ತಿದ್ರಾ ಸಾರ್?”

ಅಧಿಕಾರಿ ಗಡಿಯಾರ ನೋಡಿ, “ನಾಲ್ಕೇ ಇರ್ಲಿ ಬಿಡಿ” ಎನ್ನುತ್ತಾರೆ.

ಐದೂ ಮುಕ್ಕಾಲಿಗೆ ಸೇವೆ ಚಾಲೂ. ಅಕ್ಕ ಹೆರಿಗೆ ವಾರ್ಡಿಗೆ ಓಡಿ, ಅದೇ ಡಬ್ಬಿಯ ಮುಂದೆ ನಿಲ್ಲುತ್ತಾರೆ. ಸಿಸ್ಟರ್ ಗುಂಡಿ ಒತ್ತುತ್ತಾರೆ. ಪರದೆಯಲ್ಲಿ ಮೂರು. ಫೋನಿನಲ್ಲಿ ಫ್ರಿಜ್ಜಿನವರು ಕೈಯಿಂದ ಎಣಿಸಿ ಹೇಳುತ್ತಾರೆ: ಮೂರು. ಇನ್ನೊಂದು ಗುಂಪು: ಸೊನ್ನೆ, ಸೊನ್ನೆ. ಎಂಟು ಗುಂಪೂ ತಾಳೆಯಾಗುತ್ತವೆ.

ಅಷ್ಟರಲ್ಲಿ ಸ್ಕ್ರೂಡ್ರೈವರ್ ಹಿಡಿದವನು ಫೋನು ಬಿಚ್ಚಲು ಬರುತ್ತಾನೆ. ಅಕ್ಕ ಅಡ್ಡ ನಿಲ್ಲುತ್ತಾರೆ. ಹಿಂದೆಯೇ ಬಂದ ಅಧಿಕಾರಿ, “ಎಲ್ಲಾ ಸರಿ ಇದೆಯಲ್ಲಮ್ಮ, ಇನ್ನೇನು ಬೇಕು?” ಎನ್ನುತ್ತಾರೆ.

“ಒಂದು ತಿಂಗಳು ಇಲ್ಲೇ ಇರ್ಲಿ ಸಾರ್. ಯಾರೂ ಎತ್ತದೆ ಅದ್ರ ಮೇಲೆ ಧೂಳು ಕೂತ್ರೆ, ನಾನೇ ಬಿಚ್ಚಿ ತಂದು ನಿಮ್ಮ ಟೇಬಲ್ ಮೇಲೆ ಇಡ್ತೀನಿ.”