ಐದು ಮನೆಯ ಬೆಲ್ಲ

ಐದನೆಯ ಮನೆಯ ಜಗಲಿಗೆ ನೀರಿನ ಚೊಂಬಿನ ಜೊತೆ ಬಂದ ಬೆಲ್ಲದ ಅಚ್ಚನ್ನು ಕಂಡು ನನ್ನ ಕೈ ಅಲ್ಲೇ ನಿಂತಿತು. ಅದರ ಮುರಿದ ಮೂಲೆಗಳೆಲ್ಲ ನನಗೆ ಪರಿಚಯದವೇ!

ಎರಡನೆಯ ಮಹಾಯುದ್ಧದ ಕಾಲ, ಬರ್ಮಾದಿಂದ ಅಕ್ಕಿ ಬರುವುದು ನಿಂತಿತ್ತು. ಬೈಂದೂರಿನಲ್ಲಿ ಊರವರೇ ಸೇರಿ ಗಂಜಿ ಕೇಂದ್ರ ತೆರೆದಿದ್ದರು. ಯಾರಿಗೆ ಚೀಟಿ ಕೊಡಬೇಕೆಂದು ನೋಡಿ ಬರೆಯುವ ಕೆಲಸ ಬ್ರಹ್ಮಾವರದಿಂದ ಹೊಸದಾಗಿ ಬಂದ ಮಾಸ್ತರನಾದ ನನ್ನದು. ಬಡತನವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಲ್ಲ! ಅದಕ್ಕೇ ನಾನೊಂದು ಉಪಾಯ ಹೂಡಿದ್ದೆ: ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವ ಮನೆಗೆ ಗಂಜಿ ಬೇಕಿಲ್ಲ. ಹಾಗೆ ಒಂದೇ ಸಾಲಿನ ನಾಲ್ಕು ಮನೆಗಳಲ್ಲಿ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, ನಾಲ್ಕು ಹೆಸರುಗಳ ಮುಂದೆ ‘ಅನುಕೂಲಸ್ಥರು’ ಎಂದು ಬಲು ಗಂಭೀರವಾಗಿ ಬರೆದಿದ್ದೆ.

ನನ್ನ ಮುಖ ನೋಡಿ ಮನೆಯ ಅಜ್ಜಿ ನಕ್ಕುಬಿಟ್ಟರು. “ಹೌದ್ ಮಾಷ್ಟ್ರೇ, ಅದೇ ಬೆಲ್ಲ. ನೀವ್ ಎದ್ರ್ ಬಾಗ್ಲಿಂದ ಬತ್ರಿ, ಅದ್ ಹಿತ್ಲ್ ಬಾಗ್ಲಿಂದ ಬತ್ತ್. ಬಂದವ್ರಿಗೆ ಬರೀ ನೀರ್ ಕೊಡುಕಾತ್ತಾ?”

ಬರೆದದ್ದನ್ನೆಲ್ಲ ಅಲ್ಲೇ ಹೊಡೆದುಹಾಕಿ ಐದು ಚೀಟಿ ಬರೆದೆ. ಆ ಸಾಲಿನಲ್ಲಿ ಅಂದು ಅನುಕೂಲಸ್ಥನಾಗಿದ್ದವನು ಒಬ್ಬನೇ. ಐದು ಮನೆಗೆ ಉಳಿದಿದ್ದ ಒಂದೇ ಅಚ್ಚು ಬೆಲ್ಲದ ನಾಲ್ಕೂ ಮೂಲೆ ಮುರಿದು ತಿಂದವನು.