ಹತ್ತಿ ಹಾರದ ಓಣಿ

ಇಂಡಿಯಲ್ಲಿ ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರರ ಓಣಿಯಲ್ಲಿ ಹುಟ್ಟಿದವಳು ನಾನು. ಲಗ್ನ ಗೊತ್ತಾದ ಮನೆಯವರು, ಯಾವ ಜಾತಿಯವರಾದರೂ, ಹೊಲದ ಹತ್ತಿಯನ್ನು ನಮ್ಮಲ್ಲಿಗೇ ತರುತ್ತಿದ್ದರು. ಗಾದಿಗೆ ಕೊನೆಯ ಹೊಲಿಗೆ ಬೀಳುವವರೆಗೆ ಮದುಮಗಳ ತಾಯಿ ನಮ್ಮ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಕಣ್ಣು ತಪ್ಪಿಸಿ ಹಳೆಯ ಹತ್ತಿ ತುರುಕುತ್ತೇವೆಂಬ ಗುಮಾನಿ! ಇರಲಿ, ಆ ಗುಮಾನಿಯೇ ಓಣಿಯನ್ನು ಸಾಕಿತ್ತು. ಕೂತ ಹೆಂಗಸರಿಗೆ ಚಹಾ ಬೇಕು, ಬಳೆ ಬೇಕು, ಮಾತು ಬೇಕು.

ಅರವತ್ತರ ದಶಕದಲ್ಲಿ ಊರಿನ ಕಚೇರಿಗೆ ವರ್ಗವಾಗಿ ಬಂದ ಸಾಹೇಬರೊಬ್ಬರಿಗೆ ಹಾರುವ ಹತ್ತಿ ಹೊಲಸಾಗಿ ಕಂಡಿತು. ನಮ್ಮ ಉದ್ಧಾರಕ್ಕೆಂದು ಊರಾಚೆ ತಗಡಿನ ಅಂಗಡಿಗಳನ್ನು ಕಟ್ಟಿಸಿ, ಕೆಲಸವನ್ನೆಲ್ಲ ಅಲ್ಲಿಗೆ ಅಟ್ಟಿದರು. ಓಣಿಗೆ ಫರಸಿ ಕಲ್ಲು ಹಾಸಿಸಿದರು. ಆ ಬಯಲಿಗೆ ಬಂದು ದಿನವಿಡೀ ಕೂಡಲು ಯಾವ ತಾಯಿ ಒಪ್ಪುತ್ತಾಳೆ? ಹತ್ತಿಯೆಲ್ಲ ಹಿಂಜುವ ಮಷಿನ್ನಿಗೆ ಹೋಯಿತು. ಓಣಿಯ ಚಹಾದಂಗಡಿಯೂ ಮುಚ್ಚಿತು.

ಮುಂದೆ ಅದೇ ಸಾಹೇಬರು ನಮ್ಮ ಮನೆ ಹುಡುಕಿಕೊಂಡು ಬಂದರು. "ಮಗಳ ಲಗ್ನ ಐತಿ. ಮಷಿನ್ ಗಾದಿ ಬ್ಯಾಡ, ನಿಮ್ಮ ಕೈಲೆ ಹಿಂಜಿದ್ದ ಬೇಕು" ಎಂದರು.

ಕೂಲಿಗೆ ಶೇಂಗಾ ಸುಲಿಯುತ್ತಿದ್ದ ಅವ್ವ ತಲೆಯೆತ್ತಲಿಲ್ಲ.

"ಓಣಿ ತುಂಬ ಹುಡುಕ್ರಿ ಸಾಹೇಬ್ರ, ಒಂದ ಎಳಿ ಹತ್ತಿ ಸಿಗಂಗಿಲ್ಲ. ಅಷ್ಟು ಸ್ವಚ್ಛ ಮಾಡೀರಿ."