ಶಂಕ್ರಮ್ಮನ ರೊಟ್ಟಿಗೆ ಒಂದೇ ಚುಕ್ಕಿ

ಪ್ರಫುಲ್ಲಾ ಏನು ಕೆಲಸ ಮಾಡುತ್ತಾಳೆಂದು ಮಿಯಾಪುರದ ಅವಳ ಅಪಾರ್ಟ್‌ಮೆಂಟಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆಯ ಪ್ರಕಾರ ಸೊಸೆ ದಿನವಿಡೀ ಫೋನು ತಿಕ್ಕುತ್ತಾಳೆ, ಅಷ್ಟೇ. ಪಾಪ, ಅವಳು ಮಾಡುವುದು ಬೇರೆಯೇ. ಟೇಲರು, ಹಿಟ್ಟಿನ ಗಿರಣಿ, ಬಳೆ ಅಂಗಡಿ, ಇಂಥವರ ಹತ್ತಿರ ಮೆಟ್ರೋ ಹತ್ತಿ ಹೋಗುತ್ತಾಳೆ. ಅವರ ಫೋಟೊ, ವಿಳಾಸ, ಬಾಗಿಲು ತೆರೆಯುವ ಹೊತ್ತು ಎಲ್ಲ ಇಂಟರ್ನೆಟ್ಟಿಗೆ ಹಾಕಿ, ಫೋನಿನಲ್ಲಿ ಹುಡುಕಿದವರಿಗೆ ದೊಡ್ಡ ಅಂಗಡಿಗಳ ಜೊತೆ ಇವರದೂ ಮೇಲೆ ಕಾಣುವ ಹಾಗೆ ಮಾಡುತ್ತಾಳೆ. ಹಸಿದವನು ಯಾವನೂ "ಉತ್ತರ ಕರ್ನಾಟಕದ ಸಾಂಪ್ರದಾಯಿಕ ಆಹಾರ" ಎಂದು ಟೈಪ್ ಮಾಡುವುದಿಲ್ಲ, "ಜೋಳದ ರೊಟ್ಟಿ ಹತ್ತಿರ ಎಲ್ಲಿ" ಎಂದೇ ಕೇಳುತ್ತಾನೆ. ಅದು ಅವಳಿಗೆ ಚೆನ್ನಾಗಿ ಗೊತ್ತು.

ನಾರಾಯಣಗೂಡದ ಗಲ್ಲಿಯಲ್ಲಿರುವ ಶಂಕ್ರಮ್ಮನ ರೊಟ್ಟಿ ಅಂಗಡಿ ಮಾತ್ರ ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಕಲಬುರಗಿಯಿಂದ ಈ ತೆಲುಗು ಊರಿಗೆ ಡಿಗ್ರಿ ಓದಲು ಬಂದ ವರ್ಷ ಜ್ವರ ಹತ್ತಿ ಮಲಗಿದ್ದಾಗ ಹಾಸ್ಟೆಲ್ಲಿಗೆ ಗಂಜಿ ಹೊತ್ತು ತಂದಾಕೆ ಈ ಶಂಕ್ರಮ್ಮ. ಈಗ ಎದುರಿಗಿದ್ದ ಕೋಚಿಂಗ್ ಸೆಂಟರ್ ಬೇರೆಡೆಗೆ ಹೋಗಿ ಮಧ್ಯಾಹ್ನದ ಬೆಂಚುಗಳು ಖಾಲಿ ಬಿದ್ದಿದ್ದವು.

"ಯುಗಾದಿ ತನಕ ನೋಡ್ತೀನಿ ನನ್ನವ್ವ. ಮಂದಿ ಬರಲಿಲ್ಲಂದ್ರ ಬಾಗಲಾ ಹಾಕಿ ಊರಿಗೆ ಹೋಗ್ತೀನಿ."

"ನಾ ಇರೂ ತನಕ ಹಾಕಸೂದಿಲ್ರಿ ಅಕ್ಕಾರ," ಎಂದಳು ಪ್ರಫುಲ್ಲಾ.

ಅಂದೇ ಶುರುಹಚ್ಚಿಕೊಂಡಳು. ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಬಂದವರು ಫೋನು ನೋಡಿಕೊಂಡು ರೊಟ್ಟಿ ಹುಡುಕಿ ಬಂದರು. ಒಂದು ಮಧ್ಯಾಹ್ನ ಎಣ್ಣೆಗಾಯಿಯೇ ಸಾಲಲಿಲ್ಲ! ತಿಂದವರು ಫೋನಿನಲ್ಲಿ ಸ್ಟಾರು, ಅಂದರೆ ಚುಕ್ಕಿ ಒತ್ತಿ ಎರಡು ಮಾತು ಬರೆಯಲಿ, ಹಳೆಯ ಗಿರಾಕಿಗಳಿಗೂ ಹೇಳಿ ಎಂದು ಶಂಕ್ರಮ್ಮನಿಗೆ ಕಲಿಸಿಕೊಟ್ಟು ಪ್ರಫುಲ್ಲಾ ನೆಮ್ಮದಿಯಾಗಿ ಮನೆಗೆ ಹೋದಳು.

ಹದಿನೈದೇ ದಿನ. ಫೋನಿನ ಹುಡುಕಾಟದಲ್ಲಿ ಮೇಲಿದ್ದ ಅಂಗಡಿ ಪಾತಾಳಕ್ಕಿಳಿಯಿತು. ತೆರೆದು ನೋಡಿದರೆ ಹನ್ನೊಂದು ಜನ ಐದರಲ್ಲಿ ಒಂದೇ ಚುಕ್ಕಿ ಕೊಟ್ಟಿದ್ದಾರೆ. ಯಾರೋ ಹೊಟ್ಟೆಕಿಚ್ಚಿನವರ ಕೆಲಸ ಎಂದು ಹಲ್ಲು ಕಚ್ಚಿ ಓದತೊಡಗಿದರೆ, ಬರೆದಿರುವುದೋ, "ರೊಟ್ಟಿ ಅಂದ್ರ ಇದರೀ!", "ಅನ್ನಪೂರ್ಣೆ ಇದ್ದಂಗ." ಇದೆಂಥ ಹುಚ್ಚಾಟ! ಮೆಟ್ರೋ ಹತ್ತಿ ಓಡಿದಳು.

"ನಾನಾ ಹೇಳೀನಿ," ಎಂದಳು ಶಂಕ್ರಮ್ಮ, ಹಿಟ್ಟು ನಾದುವುದನ್ನು ನಿಲ್ಲಿಸದೆ. "ಬಾಯಿತುಂಬ ಹೊಗಳ್ರಿ, ಆದ್ರ ಚುಕ್ಕಿ ಒಂದಾ ಒತ್ರಿ ಅಂತ. ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಡೂದಿಲ್ಲೇನು? ಎಲ್ಲಾರೂ ಐದು ಐದು ಅಂದ್ರ ದೃಷ್ಟಿ ಆಗಂಗಿಲ್ಲೇನ?"

ಪ್ರಫುಲ್ಲಾಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಬಾಯಿಗೆ ಬಂದದ್ದು ಅಂದೇಬಿಡುವವಳಿದ್ದಳು.

"ನಮ್ಮನಿಯವರು ಒಂದು ಮದುವಿಯೊಳಗ ಅಡಗಿ ಮಾಡಿದಾಗ ಊರಿಗೆ ಊರಾ ಹೊಗಳಿತ್ತು," ಎಂದಳು ಶಂಕ್ರಮ್ಮ ಮೆಲ್ಲಗೆ. "ಎಂಟನೇ ದಿನಕ್ಕ ಆ ಕೈ ಬಿದ್ದು ಹೋತು. ಮತ್ತ ಏಳಲಿಲ್ಲ."

ಪ್ರಫುಲ್ಲಾಳ ಸಿಟ್ಟೆಲ್ಲ ಇಳಿದುಹೋಯಿತು. ಶಂಕ್ರಮ್ಮನ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡಳು.

"ದೃಷ್ಟಿ ಬೊಟ್ಟು ಬಾಗಲಕ್ಕ ಇಡೂಣ್ರಿ ಅಕ್ಕಾರ, ನಾನಾ ಇಡ್ತೀನಿ. ಈ ಫೋನಿನ್ಯಾಗ ಅಂಗಡಿ ಮ್ಯಾಲೆ ಕೆಳಗ ಮಾಡೂದು ಯಂತ್ರರೀ. ಅದಕ್ಕ ನಿಮ್ಮ ಭಯ ತಿಳಿಯೂದಿಲ್ಲ. ಚುಕ್ಕಿ ಎಣಿಸ್ತದ, ಅಷ್ಟಾ."

ಶಂಕ್ರಮ್ಮ ಹೂಂ ಅಂದಳು. ಇಬ್ಬರೂ ಕೂತು ಒಬ್ಬೊಬ್ಬರಿಗೇ ಫೋನು ಹಚ್ಚಿದರು. ಹತ್ತು ಜನ ನಕ್ಕು ಚುಕ್ಕಿ ತಿದ್ದಿದರು. ಯುಗಾದಿ ಹತ್ತಿರ ಬರುವಷ್ಟರಲ್ಲಿ ಬೆಂಚು ಮತ್ತೆ ತುಂಬಿತು, ಊರಿಗೆ ಹೋಗುವ ಮಾತು ನಿಂತಿತು. ಹನ್ನೊಂದನೆಯವರು, ರಕ್ಷಣಾ ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಸೀತಾರಾಮ ಅವರು ಮಾತ್ರ ಫೋನು ಎತ್ತಿರಲಿಲ್ಲ. ಅವರು ಅಂಗಡಿಗೂ ಬಂದಿರಲಿಲ್ಲ.

ಕಡೆಗೊಂದು ದಿನ ಅಂಗಡಿಯಲ್ಲಿ ಶಂಕ್ರಮ್ಮನ ಪಕ್ಕ ಕೂತು ಸ್ಪೀಕರ್ ಹಾಕಿ ಫೋನು ಹಚ್ಚಿದಾಗ ಅವರ ಮಗಳು ಸಂಯುಕ್ತಾ ಎತ್ತಿದಳು. ಅಪ್ಪ ತೀರಿಕೊಂಡು ತಿಂಗಳಾಗಿತ್ತು.

ಪ್ರಫುಲ್ಲಾ ತಡವರಿಸುತ್ತ ವಿಷಯ ಹೇಳಿದಳು. ಅಪ್ಪನ ಫೋನು ಕೈಯಲ್ಲೇ ಇದೆ, ಈಗಲೇ ಐದು ಒತ್ತುತ್ತೇನೆ ಎಂದಳು ಸಂಯುಕ್ತಾ. ಆಮೇಲೆ, "ಕೆಳಗ ಅಪ್ಪ ಏನೋ ಬರದಾರಲ್ರಿ, ಏನದು? ನಂಗ ಕನ್ನಡ ಮಾತಾಡಾಕಷ್ಟ ಬರ್ತೈತಿ. ಇಲ್ಲೇ ಹುಟ್ಟಿ ಬೆಳದೀನಿ, ಓದಾಕ ಬರಂಗಿಲ್ಲ."

ಪ್ರಫುಲ್ಲಾ ಓದಿದಳು: "ನಮ್ಮ ಮನೆಯಾಕೆ ಹೋದ ಮೇಲೆ ಇಂಥ ರೊಟ್ಟಿ ತಿಂದಿರಲಿಲ್ಲ. ಮಗಳಿಗೂ ದಿನಾ ಎರಡು ಒಯ್ಯುತ್ತೇನೆ. ನನಗೆ ಹೆಚ್ಚು ಉಳಿಯಲೆಂದು ತನ್ನ ಊಟ ಆಗಿದೆ ಅಂತ ಸುಳ್ಳು ಹೇಳುತ್ತಾಳೆ. ನನಗೆಲ್ಲ ಗೊತ್ತು. ದಣಿದು ಬಂದಿರುತ್ತದೆ ನನ್ನ ಕೂಸು."

ಶಂಕ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನಿನ ಹತ್ತಿರ ಬಾಗಿದಳು. "ಆ ಒಂದು ಚುಕ್ಕೀನೂ ಮುಟ್ಟಬ್ಯಾಡ ನನ್ನವ್ವ. ಅವರು ಹೆಂಗ ಬರದಾರೋ ಹಂಗಾ ಇರ್ಲಿ."

"ಹೂಂನ್ರಿ," ಎಂದಳು ಸಂಯುಕ್ತಾ. "ಇನ್ನೊಮ್ಮೆ ಓದ್ತೀರೇನ್ರಿ?"

ಪ್ರಫುಲ್ಲಾ ಮೊದಲಿನಿಂದ ಓದಿದಳು.